ಸಣ್ಣ ಜನರ ಋಣ

ಒಮ್ಮೆ ರಾಜನ ಜೊತೆ ಧರ್ಮಯುದ್ಧಕ್ಕೆ ಹೋಗಿ ಅಲ್ಲೇ ಉಳಿಯೋಣ ಎಂದ, ಇನ್ನೊಮ್ಮೆ ಬರಲಾರೆ ಎಂದ. ಹದಿಮೂರನೇ ಶತಮಾನದ ಫ್ರೆಂಚ್ ಶ್ರೀಮಂತ ಜಾಂ ದ ಜ್ವಾಂವಿಲ್ ಕೊಟ್ಟ ಕಾರಣ ಎರಡು ಸಲವೂ ಒಂದೇ.

1250ರ ಏಪ್ರಿಲ್ ತಿಂಗಳು. ಈಜಿಪ್ಟಿನಲ್ಲಿ, ನೈಲ್ ನದಿಯ ಮೇಲೆ, ಸೋತು ಹಿಂದಿರುಗುತ್ತಿದ್ದ ಫ್ರೆಂಚ್ ಸೈನ್ಯದ ದೋಣಿಯೊಂದು ಸಿಕ್ಕಿಬಿದ್ದಿತ್ತು. ನೀರಿನಲ್ಲಿ ಸುಲ್ತಾನನ ಹಡಗುಗಳು, ದಡದಲ್ಲಿ ಸುಲ್ತಾನನ ಸವಾರರು. ದೋಣಿಯ ಯಜಮಾನನಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಕಾಯಿಲೆಯಿಂದ ಸೋತು ಹೋಗಿದ್ದ. ತನ್ನವರನ್ನೆಲ್ಲ ಕರೆದು ಕೇಳಿದ: ಯಾರಿಗೆ ಶರಣಾಗೋಣ, ಹಡಗಿನವರಿಗೋ ದಡದವರಿಗೋ? ಹಡಗಿನವರಿಗೇ ವಾಸಿ ಎಂದರು ಎಲ್ಲರೂ. ದಡದವರ ಕೈಗೆ ಸಿಕ್ಕರೆ ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಮಾರಿಬಿಡುತ್ತಾರೆ, ಹಡಗಿನವರಾದರೆ ಒಟ್ಟಿಗಾದರೂ ಇಟ್ಟಾರು ಎಂಬ ಲೆಕ್ಕ. ಉಗ್ರಾಣ ನೋಡಿಕೊಳ್ಳುತ್ತಿದ್ದ ಆಳೊಬ್ಬ ಮಾತ್ರ ಒಪ್ಪಲಿಲ್ಲ. ಯಾರಿಗೂ ಶರಣಾಗುವುದು ಬೇಡ, ಎಲ್ಲರೂ ಇಲ್ಲೇ ಸತ್ತುಹೋಗೋಣ, ನೇರ ಸ್ವರ್ಗ ಸಿಗುತ್ತದೆ ಎಂದ.

ಅವನ ಮಾತಿಗೆ ಒಬ್ಬರೂ ಕಿವಿಗೊಡಲಿಲ್ಲವೆಂದು ಯಜಮಾನ ಮುಂದೆ ಮುದುಕನಾದಾಗ ಬರೆಸಿಟ್ಟ. ಹಾಗೇಕೆ ಎಂಬ ಸಮಜಾಯಿಷಿಯನ್ನೂ ಕೊಡಲಿಲ್ಲ. ಧರ್ಮಕ್ಕಾಗಿ ಸತ್ತವನಿಗೆ ಪಾಪವೆಲ್ಲ ಮನ್ನಾ ಎಂದು ಚರ್ಚಿನಲ್ಲಿ ಕೇಳಿಕೊಂಡೇ ಸಮುದ್ರ ದಾಟಿ ಬಂದಿದ್ದ ಜನ ಇವರು. ಸ್ವರ್ಗದ ಬಾಗಿಲು ಕಣ್ಣೆದುರಿಗೇ ತೆರೆದಾಗ ಬದುಕೇ ಇರಲಿ ಎಂದರು.

ಆ ಯಜಮಾನನ ಹೆಸರು ಜಾಂ ದ ಜ್ವಾಂವಿಲ್. ಫ್ರಾನ್ಸಿನ ಈಶಾನ್ಯಕ್ಕಿರುವ ಶಾಂಪೇನ್ ಸೀಮೆಯಲ್ಲಿ, ಮಾರ್ನ್ ನದಿಯ ದಂಡೆಯ ಜ್ವಾಂವಿಲ್ ಅವನ ಊರು. ಅವನು ದೊಡ್ಡ ಸೇನಾಪತಿಯಲ್ಲ, ಯಾವ ಕೋಟೆಯನ್ನೂ ಗೆದ್ದವನಲ್ಲ. ಆದರೂ ಕ್ರೂಸೇಡ್ ಎಂಬ ಧರ್ಮಯುದ್ಧದ ಒಳಗೆ ಮನುಷ್ಯರು ಹೇಗೆ ನಡುಗಿದರು, ಹೇಗೆ ನಕ್ಕರು, ಏನು ತಿಂದರು, ಯಾರಿಗೆ ಸಾಲಗಾರರಾದರು ಎಂದು ತಿಳಿಯಬೇಕಾದರೆ ಇಂದಿಗೂ ಇತಿಹಾಸಕಾರರು ಹೋಗಿ ನಿಲ್ಲುವುದು ಅವನ ಬಾಗಿಲಿಗೇ.

ಶುಕ್ರವಾರದ ಲೆಕ್ಕ

ಜ್ವಾಂವಿಲ್ ಹುಟ್ಟಿದ್ದು 1224 ಅಥವಾ 1225ರಲ್ಲಿ. ಅವನ ಮನೆತನಕ್ಕೆ ಶಾಂಪೇನ್ ಕೌಂಟನ ಆಸ್ಥಾನದಲ್ಲಿ ಸೆನೆಷಲ್ ಎಂಬ ವಂಶಪಾರಂಪರ್ಯದ ಹುದ್ದೆಯಿತ್ತು. ಅರಮನೆಯ ಮೇಲುಸ್ತುವಾರಿ ಅವರ ಹಕ್ಕು, ಔತಣದ ದಿನ ಒಡೆಯನಿಗೆ ಊಟ ಬಡಿಸುವುದೂ ಅವರ ಗೌರವ. 1241ರಲ್ಲಿ ಸೋಮ್ಯೂರ್ ಪಟ್ಟಣದಲ್ಲಿ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿ ಭಾರಿ ಔತಣ ಏರ್ಪಡಿಸಿದಾಗ ಹುಡುಗ ಜ್ವಾಂವಿಲ್ ತನ್ನ ಒಡೆಯನ ಮುಂದೆ ನಿಂತು ಮಾಂಸ ಕೊಯ್ದು ಬಡಿಸಿದ್ದ. ಆ ಒಡೆಯ, ಶಾಂಪೇನಿನ ಕೌಂಟ್ ನಾಲ್ಕನೇ ತಿಬೋ, ನವಾರ್ ದೇಶಕ್ಕೂ ರಾಜ. ಅದರ ಮೇಲೆ ಹೆಸರಾಂತ ಕವಿ.

ಈ ಮನೆತನಕ್ಕೆ ಕ್ರೂಸೇಡ್ ಹೊಸದಲ್ಲ. ದೊಡ್ಡಪ್ಪನೊಬ್ಬ ಸಿರಿಯಾದ ಕ್ರಾಕ್ ಕೋಟೆಯಲ್ಲಿ ಸತ್ತಿದ್ದ. ಹಿರಿಯರು ಹೋಗಿ ಬಂದ ದಾರಿಯಲ್ಲಿ ತಾನೂ ಹೋಗುವುದು ಆ ವರ್ಗದ ಹುಡುಗನಿಗೆ ಮದುವೆಯಷ್ಟೇ ಸಹಜ ಸಂಗತಿ. 1244ರಲ್ಲಿ ಜೆರುಸಲೇಮ್ ಮತ್ತೆ ಮುಸ್ಲಿಮರ ವಶವಾಯಿತು. ಅದೇ ವರ್ಷದ ಕೊನೆಗೆ ಸಾಯುವಷ್ಟು ಕಾಯಿಲೆ ಬಿದ್ದು ಎದ್ದ ದೊರೆ ಲೂಯಿ ಶಿಲುಬೆ ಹೊರುವ ಹರಕೆ ಹೊತ್ತ. ನಾಲ್ಕು ವರ್ಷದ ಸಿದ್ಧತೆಯ ನಂತರ ಹೊರಡುವ ಹೊತ್ತು ಬಂದಾಗ ಜ್ವಾಂವಿಲ್‌ಗೂ ಕರೆ ಬಂತು.

1248ರ ಈಸ್ಟರ್ ವಾರ. ಹಬ್ಬದ ಹಿಂದಿನ ದಿನ ಅವನಿಗೊಂದು ಗಂಡುಮಗು ಹುಟ್ಟಿತ್ತು. ಬಂಧುಗಳು, ಅಧೀನದ ಜಮೀನ್ದಾರರು ಎಲ್ಲ ಕೂಡಿ ವಾರವಿಡೀ ಕುಣಿತ, ಹಾಡು, ಊಟ. ಶುಕ್ರವಾರ ಬಂದಾಗ ಯಜಮಾನ ಎದ್ದು ನಿಂತ. ಕಡಲಾಚೆಗೆ ಹೋಗುತ್ತಿದ್ದೇನೆ, ತಿರುಗಿ ಬರುವೆನೋ ಇಲ್ಲವೋ ತಿಳಿಯದು, ನಿಮ್ಮಲ್ಲಿ ಯಾರಿಗಾದರೂ ನನ್ನಿಂದ ಅನ್ಯಾಯವಾಗಿದ್ದರೆ ಮುಂದೆ ಬಂದು ಹೇಳಿ, ತೀರಿಸಿ ಹೋಗುತ್ತೇನೆ ಎಂದ. ತಾನು ಎದುರಿಗಿದ್ದರೆ ಜನ ಬಾಯಿ ಬಿಡುವುದಿಲ್ಲವೆಂದು ಸಭೆಯಿಂದ ಎದ್ದು ಹೊರಗೆ ಹೋದ. ಅವರು ಏನು ತೀರ್ಮಾನಿಸಿದರೋ ಅದನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡ.

ಖರ್ಚಿಗೆ ಹಣ ಸಾಲದಾಯಿತು. ತಾಯಿ ಇನ್ನೂ ಬದುಕಿದ್ದರಿಂದ ಆಸ್ತಿಯ ದೊಡ್ಡ ಪಾಲು ಆಕೆಯ ಜೀವನಾಂಶಕ್ಕೆ ಸೇರಿತ್ತು. ಅವನ ಕೈಗೆ ಬರುತ್ತಿದ್ದ ಭೂಮಿಯ ಆದಾಯ ವರ್ಷಕ್ಕೆ 1,000 ಲೀವ್ರ್ ಕೂಡ ಇರಲಿಲ್ಲ. ಮೆಟ್ಸ್ ಪಟ್ಟಣಕ್ಕೆ ಹೋಗಿ ಜಮೀನು ಅಡವಿಟ್ಟ. ತನ್ನನ್ನೂ ಸೇರಿಸಿ ಹತ್ತು ಮಂದಿ ನೈಟ್‌ಗಳನ್ನು ಕಟ್ಟಿಕೊಂಡು ಹೊರಡಲು ಆ ಹಣ ಬೇಕೇ ಬೇಕಿತ್ತು.

ಇದರ ನಡುವೆ ಪ್ಯಾರಿಸ್ಸಿನಲ್ಲಿ ದೊರೆ ಶ್ರೀಮಂತರನ್ನೆಲ್ಲ ಕರೆಸಿ, ತನಗೇನಾದರೂ ಆದರೆ ತನ್ನ ಮಕ್ಕಳಿಗೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡಿಸಿಕೊಂಡ. ಜ್ವಾಂವಿಲ್ ಮಾಡಲಿಲ್ಲ. ತಾನು ಶಾಂಪೇನ್ ಕೌಂಟನ ಒಕ್ಕಲು, ದೊರೆಯ ನೇರ ಒಕ್ಕಲಲ್ಲ. ಇಲ್ಲದ ಸಂಬಂಧಕ್ಕೆ ಆಣೆ ಇಡುವುದು ಹೇಗೆ? ಯಾರಿಗೆ ತಾನು ಎಷ್ಟು ಬದ್ಧ ಎಂಬುದನ್ನು ಕೂದಲೆಳೆಯಷ್ಟು ನಿಖರವಾಗಿ ಲೆಕ್ಕ ಹಾಕುವ ಈ ಸ್ವಭಾವ ಅವನನ್ನು ಕಡೆಯವರೆಗೂ ಬಿಡಲಿಲ್ಲ.

ಹೊರಡುವ ದಿನ ಹತ್ತಿರದ ಮಠಾಧಿಪತಿಯೊಬ್ಬ ಯಾತ್ರಿಕನ ಜೋಳಿಗೆ, ದಂಡ ಕೊಟ್ಟ. ಬರಿಗಾಲಲ್ಲಿ, ಅಂಗಿಯೊಂದನ್ನೇ ತೊಟ್ಟು ಸುತ್ತಲಿನ ಪುಣ್ಯಸ್ಥಳಗಳಿಗೆ ನಡೆದ. ದಾರಿಯಲ್ಲಿ ತನ್ನ ಕೋಟೆಯ ಕಡೆಗೆ ಒಮ್ಮೆಯೂ ಕತ್ತು ತಿರುಗಿಸಲಿಲ್ಲ. ನೋಡಿದರೆ ಆ ಚಂದದ ಮನೆ, ಅಲ್ಲಿ ಬಿಟ್ಟುಬಂದ ಎರಡು ಮಕ್ಕಳು ನೆನಪಾಗಿ ಎದೆ ಕರಗೀತೆಂದು ಹೆದರಿದ.

ನೈಲ್ ನದಿಯಲ್ಲಿ ತೇಲಿ ಬಂದ ಶುಂಠಿ

ಆಗಸ್ಟ್‌ನಲ್ಲಿ ಮಾರ್ಸೇಯ ಬಂದರಿನಲ್ಲಿ ಹಡಗು ಹತ್ತಿದರು. ಹಡಗಿನ ಪಕ್ಕದಲ್ಲೊಂದು ಬಾಗಿಲು. ಅದನ್ನು ತೆರೆದು ಕುದುರೆಗಳನ್ನು ಒಳಗೆ ನಡೆಸಿದರು. ಆಮೇಲೆ ಪೀಪಾಯಿಯ ಸಂದು ಮುಚ್ಚುವ ಹಾಗೆ ಬಾಗಿಲಿನ ಸಂದುಗಳನ್ನೆಲ್ಲ ಬಿಗಿದು ಮುಚ್ಚಿದರು. ನಡುಗಡಲಿನಲ್ಲಿ ಆ ಬಾಗಿಲು ನೀರಿನ ಕೆಳಗಿರುತ್ತದೆ. ಪಾದ್ರಿಗಳು ಸ್ತೋತ್ರ ಹಾಡಿದರು, ಹಾಯಿ ಬಿಚ್ಚಿತು, ಸ್ವಲ್ಪ ಹೊತ್ತಿಗೆ ನೆಲವೇ ಕಾಣದಾಯಿತು. ಇನ್ನೊಬ್ಬರ ಸೊತ್ತು ಕೈಯಲ್ಲಿಟ್ಟುಕೊಂಡು ಇಂಥ ಅಪಾಯಕ್ಕೆ ಇಳಿಯುವವನಿಗೆ ಎಂಥ ಮೊಂಡು ಧೈರ್ಯವಿರಬೇಕು ಎಂದು ಅವನಿಗೆ ಅನಿಸಿತು. ರಾತ್ರಿ ಮಲಗಿದವನು ಬೆಳಿಗ್ಗೆ ಕಡಲ ತಳದಲ್ಲಿರಬಹುದು. ಶುಕ್ರವಾರದ ಆ ಲೆಕ್ಕ ಯಾಕೆ ಬೇಕಾಗಿತ್ತೆಂಬುದು ಇಲ್ಲಿ ತಿಳಿಯುತ್ತದೆ.

ಸೈಪ್ರಸ್ ದ್ವೀಪದಲ್ಲಿ ದೊರೆಯ ಸಾಮಗ್ರಿ ಎರಡು ವರ್ಷದಿಂದ ಕೂಡಿಬಿದ್ದಿತ್ತು. ದ್ರಾಕ್ಷಾರಸದ ಪೀಪಾಯಿಗಳನ್ನು ದೂರದಿಂದ ನೋಡಿದರೆ ಕಣಜಗಳ ಸಾಲು; ಗೋಧಿ, ಬಾರ್ಲಿ ರಾಶಿಗಳು ಗುಡ್ಡಗಳು. ಮಳೆಗೆ ರಾಶಿಯ ಮೇಲ್ಪದರ ಮೊಳೆತು ಹಸಿರು ಹುಲ್ಲಾಗಿತ್ತು. ಆ ಪದರ ತೆಗೆದರೆ ಒಳಗಿನ ಕಾಳು ಇಂದು ಬಡಿದದ್ದರಷ್ಟು ಹೊಸದು. ಇಷ್ಟು ಸಮೃದ್ಧಿಯ ನಡುವೆ ಜ್ವಾಂವಿಲ್ ಬರಿಗೈ. ಹಡಗಿನ ಬಾಡಿಗೆ ಕೊಟ್ಟ ಮೇಲೆ ಉಳಿದದ್ದು 240 ಲೀವ್ರ್. ಹಣ ಹೊಂದಿಸದಿದ್ದರೆ ಬಿಟ್ಟುಹೋಗುತ್ತೇವೆ ಎಂದು ಅವನ ನೈಟ್‌ಗಳಲ್ಲಿ ಕೆಲವರು ಗದರಿಸಿದರು. ವಿಷಯ ತಿಳಿದ ದೊರೆ ಕರೆಸಿಕೊಂಡು 800 ಲೀವ್ರ್ ಕೊಟ್ಟ. ಆಣೆ ಇಡಲು ಒಪ್ಪದಿದ್ದವನು ಹೀಗೆ ದೊರೆಯ ಅನ್ನ ಉಂಡ. ಗೆಳೆತನ ಬೆಳೆದದ್ದು ಇಲ್ಲಿಂದ.

1249ರ ಜೂನ್ 5ರಂದು ಸೈನ್ಯ ಈಜಿಪ್ಟಿನ ದಮಿಯೆತ್ತಾ ತೀರ ಮುಟ್ಟಿತು. ಜೆರುಸಲೇಮಿಗೆ ಹೊರಟವರು ಈಜಿಪ್ಟಿಗೇಕೆ ಬಂದರು? ಜೆರುಸಲೇಮನ್ನು ಹಿಡಿದಿಟ್ಟ ಶಕ್ತಿಯ ಬೇರು ಕೈರೋದಲ್ಲಿತ್ತು. ನೈಲ್ ಕಣಿವೆಯ ದವಸ, ತೆರಿಗೆ, ವ್ಯಾಪಾರ ಕೈಗೆ ಬಂದರೆ ಜೆರುಸಲೇಮ್ ತಾನಾಗಿ ಸಿಗುತ್ತದೆಂಬುದು ತಂತ್ರ. ದೊರೆ ತಡೆಯಲಾರದೆ ಕಂಕುಳ ಮಟ್ಟದ ನೀರಿಗೆ ಹಾರಿ, ಗುರಾಣಿಯನ್ನು ಕೊರಳಿಗೆ ತೂಗುಹಾಕಿಕೊಂಡು ದಡಕ್ಕೆ ನಡೆದ. ಪಟ್ಟಣವನ್ನು ಕಾಯಬೇಕಾದವರು ಬಿಟ್ಟು ಓಡಿದ್ದರು. ಅಷ್ಟು ಸುಲಭವಾಗಿ ಸಿಕ್ಕಿದ ಗೆಲುವು ತಲೆಗೇರಿತು.

ನೈಲ್ ನದಿಯ ಬಗ್ಗೆ ಜ್ವಾಂವಿಲ್ ಬರೆದದ್ದನ್ನು ನಾವು ಓದಿದರೆ ನಗು ಬರುತ್ತದೆ. ಆ ದೇಶದವರು ಸಂಜೆ ನದಿಗೆ ಬಲೆ ಹಾಕಿ ಬೆಳಿಗ್ಗೆ ಎತ್ತಿದರೆ ಶುಂಠಿ, ದಾಲ್ಚಿನ್ನಿ ಸಿಗುತ್ತವಂತೆ. ಭೂಮಿಯ ಮೇಲಿನ ಸ್ವರ್ಗದ ಮರಗಳಿಂದ ಗಾಳಿಗೆ ಬಿದ್ದು ತೇಲಿ ಬರುತ್ತವಂತೆ. ಆ ಶುಂಠಿ, ದಾಲ್ಚಿನ್ನಿ ನಮ್ಮ ಪಶ್ಚಿಮ ಕರಾವಳಿ, ಸಿಂಹಳದ ಕಡೆಯಿಂದ ಹಡಗೇರಿ, ಕೆಂಪು ಸಮುದ್ರ ದಾಟಿ, ಈಜಿಪ್ಟಿನ ವರ್ತಕರ ಕೈ ಹಾಯ್ದು ಯುರೋಪಿನ ಅಡುಗೆಮನೆ ಸೇರುತ್ತಿದ್ದವು. ಎಲ್ಲಿಂದ ಬರುತ್ತದೆಂದು ಗೊತ್ತಿಲ್ಲದ ದುಬಾರಿ ವಸ್ತುವಿಗೆ ಸ್ವರ್ಗವೇ ಮೂಲ. ಅದೇ ಮನುಷ್ಯ ಕಣ್ಣಾರೆ ಕಂಡದ್ದನ್ನು ಮಾತ್ರ ತಪ್ಪಿಲ್ಲದೆ ಹೇಳುತ್ತಾನೆ: ಕದಡಿದ ನೈಲ್ ನೀರಿಗೆ ಸಂಜೆ ನಾಲ್ಕು ಬಾದಾಮಿ ಜಜ್ಜಿ ಹಾಕಿದರೆ ಮರುದಿನ ತಿಳಿಯಾಗುತ್ತದೆ, ಮಣ್ಣಿನ ಪಾತ್ರೆಯಲ್ಲಿ ತುಂಬಿ ಡೇರೆಯ ಹಗ್ಗಕ್ಕೆ ತೂಗುಹಾಕಿದರೆ ಉರಿಬಿಸಿಲಲ್ಲೂ ಊಟೆಯ ನೀರಿನಷ್ಟು ತಂಪು.

ಮನ್ಸೂರಾದ ಕಿರುಸೇತುವೆ

1249ರ ನವೆಂಬರಿನಲ್ಲಿ ಸುಲ್ತಾನ ಅಲ್ ಸಾಲಿಹ್ ಅಯ್ಯೂಬ್ ತೀರಿಕೊಂಡ. ಶತ್ರು ನಾಡಿನೊಳಗಿದ್ದಾಗ ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತದೆಂದು ಅವನ ಹೆಂಡತಿ ಶಜರ್ ಅಲ್ ದುರ್ ಸಾವನ್ನು ಮುಚ್ಚಿಟ್ಟು ರಾಜ್ಯ ನಡೆಸಿದಳು. ಫ್ರೆಂಚರು ಮನ್ಸೂರಾ ಪಟ್ಟಣದೆದುರು ನದಿಯ ಕವಲೊಂದನ್ನು ದಾಟಲಾರದೆ ವಾರಗಟ್ಟಲೆ ನಿಂತರು. ಕಟ್ಟೆ ಕಟ್ಟಹೊರಟರೆ ಎದುರು ದಡದವರು ತಮ್ಮ ಕಡೆಯ ಮಣ್ಣು ಅಗೆದು ನದಿಯನ್ನೇ ಅಗಲ ಮಾಡುತ್ತಿದ್ದರು.

ರಾತ್ರಿಯಾದರೆ ಶತ್ರುಗಳು ಎಸೆಯುವ ಗ್ರೀಕ್ ಬೆಂಕಿ ಎಂಬ ಉರಿಯುವ ಅಸ್ತ್ರ. ಪೀಪಾಯಿಯಷ್ಟು ದಪ್ಪ, ಭರ್ಜಿಯುದ್ದದ ಬಾಲ, ಗುಡುಗಿನ ಸದ್ದು. ಆಕಾಶದಲ್ಲಿ ಹಾರುವ ಘಟಸರ್ಪದಂತೆ ಕಂಡಿತೆನ್ನುತ್ತಾನೆ. ಶಿಬಿರವಿಡೀ ಹಗಲಾಗುತ್ತಿತ್ತು. ಪ್ರತಿ ಸಲ ಅದು ಬಂದಾಗಲೂ ಅವನೂ ಅವನ ಜೊತೆಯವರೂ ಮೊಣಕಾಲು ಮೊಣಕೈ ಊರಿ ನೆಲಕ್ಕೆ ಬೀಳುತ್ತಿದ್ದರು. ವೀರರ ಕಥೆ ಬರೆಯುವವರು ಸಾಮಾನ್ಯವಾಗಿ ಈ ಭಂಗಿಯನ್ನು ಬಿಟ್ಟುಬಿಡುತ್ತಾರೆ.

ಬೆಡವಿನ್ ಒಬ್ಬ 500 ಚಿನ್ನದ ನಾಣ್ಯಕ್ಕೆ ನದಿ ದಾಟುವ ಜಾಗ ತೋರಿಸಿದ. 1250ರ ಫೆಬ್ರವರಿ 8ರ ಬೆಳಿಗ್ಗೆ ಸವಾರರು ನೀರಿಗಿಳಿದರು. ದೊರೆಯ ತಮ್ಮ ಆರ್ತ್ವಾದ ರೊಬೇರ್ ಉಳಿದವರಿಗೆ ಕಾಯದೆ ಪಟ್ಟಣದೊಳಗೆ ನುಗ್ಗಿ, ಕಿರಿದಾದ ಬೀದಿಗಳಲ್ಲಿ ಸಿಕ್ಕಿ ಸತ್ತ. ಅವನ ಹಿಂದೆ ಹೋದ ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಪಂಗಡದವರು 280 ಸವಾರರನ್ನು ಕಳೆದುಕೊಂಡರೆಂದು ಜ್ವಾಂವಿಲ್ ಲೆಕ್ಕ ಕೊಡುತ್ತಾನೆ.

ಅವನ ಪಾಲಿಗೆ ಬಂದದ್ದು ಹಾಳುಬಿದ್ದ ಮನೆಯೊಂದರ ಮರೆಯ ಕಾಳಗ. ಜೊತೆಗಾರ ಏರಾರ್ ದ ಸಿವ್ರೆಗೆ ಮುಖಕ್ಕೆ ಕತ್ತಿಯೇಟು ಬಿದ್ದು ಮೂಗು ತುಟಿಯ ಮೇಲೆ ಜೋತಾಡುತ್ತಿತ್ತು. ಆ ಸ್ಥಿತಿಯಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ: ಅಗೋ ಅಲ್ಲಿ ಆಂಜೂ ಕೌಂಟ್ ಕಾಣುತ್ತಿದ್ದಾನೆ, ಹೋಗಿ ಸಹಾಯ ಕೇಳಿದರೆ ನನಗೂ ನನ್ನ ಮಕ್ಕಳಿಗೂ ಅಪಕೀರ್ತಿ ಬಾರದಷ್ಟೇ? ಕೀರ್ತಿಯೇ ಬರುತ್ತದೆ, ಹೋಗು ಎಂದ ಜ್ವಾಂವಿಲ್. ಸಹಾಯ ಬಂತು, ಉಳಿದವರು ಬದುಕಿದರು. ಏರಾರ್ ಆ ಗಾಯದಿಂದ ಸತ್ತ.

ಅದೇ ದಿನ ಕಿರುಸೇತುವೆಯೊಂದನ್ನು ಕಾಯುವ ಕೆಲಸ. ಶತ್ರುವಿನದೇ ಒಂದು ಮೆತ್ತೆಯಂಥ ಅಂಗಿ ಬಿದ್ದಿತ್ತು. ಅದನ್ನೇ ಗುರಾಣಿಯಾಗಿ ಹಿಡಿದ. ಐದು ಬಾಣ ಅವನಿಗೆ, ಹದಿನೈದು ಅವನ ಕುದುರೆಗೆ. ಪಕ್ಕದಲ್ಲಿದ್ದ ಸುವಾಸೋಂ ಕೌಂಟ್ ನಗೆಯಾಡಿದನಂತೆ: ಈ ದಿನದ ಕಥೆಯನ್ನು ಒಂದು ದಿನ ಹೆಂಗಸರ ಕೋಣೆಗಳಲ್ಲಿ ಕೂತು ಹೇಳೋಣವೆಂದು.

ಆಮೇಲೆ ಶುರುವಾದದ್ದು ಕತ್ತಿಯಿಂದ ತಡೆಯಲಾಗದ ಯುದ್ಧ. ಸತ್ತವರ ಹೆಣಗಳು ನದಿಯಲ್ಲಿ ಉಬ್ಬಿ ಸೇತುವೆಗೆ ಅಡ್ಡ ನಿಂತವು. ದೊರೆ ನೂರು ಜನ ಕೂಲಿಯವರನ್ನು ಹಚ್ಚಿದ. ತೆರವು ಮಾಡಲು ಎಂಟು ದಿನ ಹಿಡಿಯಿತು. ಹಸಿರು ತರಕಾರಿ, ಹಣ್ಣು ಕಾಣದ ಶಿಬಿರಕ್ಕೆ ನಾವಿಂದು ಸ್ಕರ್ವಿ ಎನ್ನುವ ರೋಗ ಬಂತು: ಕಾಲಿನ ಚರ್ಮ ಹಳೇ ಬೂಟಿನಂತೆ ಕಪ್ಪು ಕಲೆಗಟ್ಟಿತು, ಒಸಡು ಕೊಳೆಯಿತು. ಕ್ಷೌರಿಕರು ಸತ್ತ ಒಸಡನ್ನು ಕೊಯ್ದು ತೆಗೆಯುವಾಗ ಹೆರಿಗೆ ನೋವಿನ ಕೂಗಿನಂತೆ ಶಿಬಿರವೆಲ್ಲ ಕೂಗು. ಒಂದು ಎತ್ತಿಗೆ 80 ಲೀವ್ರ್, ಕುರಿಗೆ 30. ಜ್ವಾಂವಿಲ್‌ನ ಪಾದ್ರಿ ಪೂಜೆಯ ನಡುವೆಯೇ ಕುಸಿದ. ಹಾಸಿಗೆ ಹಿಡಿದಿದ್ದ ಯಜಮಾನ ಬರಿಗಾಲಲ್ಲಿ ಹಾರಿ ಬಂದು ತಬ್ಬಿ ಹಿಡಿದು ಪೂಜೆ ಮುಗಿಸಲು ನೆರವಾದ. ಆ ಪಾದ್ರಿಗೆ ಅದೇ ಕಡೆಯ ಪೂಜೆಯಾಯಿತು.

ದೊರೆಯ ಕೀಲಿಕೈ

ಏಪ್ರಿಲ್ ಮೊದಲ ವಾರ ಸೈನ್ಯ ಹಿಂದೆ ಸರಿಯಿತು, ದೊರೆಯೂ ಸೆರೆಸಿಕ್ಕ. ಮೊದಲು ಕಂಡ ದೋಣಿಯ ದೃಶ್ಯ ಇಲ್ಲಿಯದು. ಜ್ವಾಂವಿಲ್‌ನ ಕೊರಳಿಗೆ ಚೂರಿ ಹಿಡಿದಾಗ ಅವನನ್ನು ಉಳಿಸಿದವನು ಎದುರು ಪಕ್ಷದ ಒಬ್ಬ ಮುಸ್ಲಿಂ. ಅವನನ್ನು ತಬ್ಬಿಕೊಂಡು, ಈತ ದೊರೆಯ ಸೋದರಸಂಬಂಧಿ ಎಂದು ಕೂಗಿದ. ಕವಚ ಕಳಚಿದ ಮೇಲೆ ಹೆದರಿಕೆಗೂ ಕಾಯಿಲೆಗೂ ಹಲ್ಲು ಕಡಿಯುವಷ್ಟು ನಡುಗುತ್ತಿದ್ದವನಿಗೆ, ಅವನ ತಾಯಿ ಕೊಟ್ಟಿದ್ದ ಕೆಂಪು ಹೊದಿಕೆಯನ್ನೇ ಹೊದಿಸಿದರು. ಗಂಟಲಲ್ಲಿ ಕುರು ಎದ್ದು ನೀರು ಮೂಗಿನಿಂದ ಹೊರಬರುತ್ತಿತ್ತು. ಸೆರೆ ಹಿಡಿದವರಲ್ಲೇ ಒಬ್ಬ ಔಷಧ ಕುಡಿಸಿದ. ಎರಡು ದಿನದಲ್ಲಿ ವಾಸಿಯಾಯಿತು. ನೌಕಾಪಡೆಯ ಮುಖ್ಯಸ್ಥ, ನೀನು ನಿಜಕ್ಕೂ ದೊರೆಯ ಸಂಬಂಧಿಯೇ ಎಂದು ಕೇಳಿದಾಗ ಅಲ್ಲವೆಂದೇ ಹೇಳಿದ. ಈ ಉಪಕಾರಗಳಲ್ಲಿ ಒಂದನ್ನೂ ಅವನು ಬರೆಸುವಾಗ ಬಿಟ್ಟಿಲ್ಲ.

ಮೇ 2ರಂದು ಹೊಸ ಸುಲ್ತಾನ ತೂರಾನ್ ಶಾಹನನ್ನು ಅವನದೇ ಮಾಮ್ಲೂಕ್ ಎಂಬ ಗುಲಾಮ ಯೋಧರ ಪಡೆಯವರು ಕೊಂದರು. ಮೂವತ್ತು ಜನ ಕೊಡಲಿ, ಬಿಚ್ಚುಗತ್ತಿ ಹಿಡಿದು ಸೆರೆಯಾಳುಗಳ ಹಡಗಿಗೆ ಹತ್ತಿದರು. ತಲೆ ಕಡಿಯುವ ಮಾತಾಗುತ್ತಿದೆ ಎಂದು ಆ ಭಾಷೆ ಬಲ್ಲವನೊಬ್ಬ ಹೇಳಿದ. ಜನ ಗುಂಪುಗಟ್ಟಿ ಪಾದ್ರಿಗೆ ಪಾಪ ಹೇಳಿಕೊಳ್ಳತೊಡಗಿದರು. ಜ್ವಾಂವಿಲ್‌ಗೆ ಒಂದು ಪಾಪವೂ ನೆನಪಾಗಲಿಲ್ಲ. ಸುಮ್ಮನೆ ಮಂಡಿಯೂರಿದ. ಪಕ್ಕದಲ್ಲಿ ಸೈಪ್ರಸ್ಸಿನ ಗೀ ದಿಬೆಲಿನ್ ಮಂಡಿಯೂರಿ ಅವನಿಗೇ ಪಾಪ ನಿವೇದಿಸಿದ. ದೇವರು ಕೊಟ್ಟಷ್ಟು ಅಧಿಕಾರದಿಂದ ಕ್ಷಮಿಸಿದ್ದೇನೆ ಎಂದ ಜ್ವಾಂವಿಲ್. ಎದ್ದು ನಿಂತಾಗ ಆತ ಹೇಳಿದ ಒಂದು ಮಾತೂ ಇವನ ತಲೆಯಲ್ಲಿ ಉಳಿದಿರಲಿಲ್ಲ. ಸಾವಿನ ಎದುರು ಮನಸ್ಸು ಹೇಗೆ ಖಾಲಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಆ ಕಾಲದ ಬರಹದಲ್ಲಿ ಸಿಗುವುದು ಕಷ್ಟ.

ಕೊನೆಗೆ ತಲೆ ಕಡಿಯಲಿಲ್ಲ; ಸೆರೆಯಾಳುಗಳ ಬಿಡುಗಡೆಗೆ ಮೊದಲೇ ಆಗಿದ್ದ ಒಪ್ಪಂದ ಉಳಿಯಿತು. ದೊರೆಯ ಬಿಡುಗಡೆಗೆ ದಮಿಯೆತ್ತಾ ಪಟ್ಟಣ, ಅವನ ಜನರ ಬಿಡುಗಡೆಗೆ 4,00,000 ಲೀವ್ರ್. ಅದರಲ್ಲಿ ಅರ್ಧ ಕೂಡಲೇ ಕೊಡಬೇಕು. ಎರಡು ದಿನ ತಕ್ಕಡಿಯಲ್ಲಿ ತೂಗಿ ತೂಗಿ ಕೊಟ್ಟರೂ 30,000 ಕಡಿಮೆ ಬಿತ್ತು. ಟೆಂಪ್ಲರುಗಳ ಹಡಗಿನಲ್ಲಿ ಹಣವಿತ್ತು. ಇಟ್ಟವರಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲವೆಂದು ಆಣೆ ಮಾಡಿದ್ದೇವೆ ಎಂದರು ಅವರು. ಜ್ವಾಂವಿಲ್ ಹಡಗಿಗೆ ಹೋದ. ಕಾಯಿಲೆಯಿಂದ ಎದ್ದವನ ಬಡಕಲು ಮೈ, ಹರಕು ಬಟ್ಟೆ. ಪೆಟ್ಟಿಗೆಯ ಕೀಲಿ ಕೊಡಲು ಖಜಾಂಚಿ ಒಪ್ಪಲಿಲ್ಲ. ಅಲ್ಲೇ ಬಿದ್ದಿದ್ದ ಕೊಡಲಿ ಎತ್ತಿಕೊಂಡು, ದೊರೆಯ ಕೀಲಿಕೈ ಇದೇ ಎಂದ. ಟೆಂಪ್ಲರುಗಳ ಮಾರ್ಷಲ್ ಅವನ ಕೈ ಹಿಡಿದು ಕೀಲಿ ಕೊಡಿಸಿದ. ಆಣೆಯೂ ಮುರಿಯಲಿಲ್ಲ, ಹಣವೂ ಬಂತು. ಬಲವಂತಕ್ಕೆ ಒಳಗಾದವರು ಆಣೆ ತಪ್ಪಿದಂತಲ್ಲವಲ್ಲ.

ಕಿಟಕಿಯ ಬಳಿ ಎರಡು ಕೈ

ಬಿಡುಗಡೆಯಾದವರು ಆಕ್ರ್ ಬಂದರಿಗೆ, ಅಂದರೆ ಇಂದಿನ ಇಸ್ರೇಲಿನ ಅಕ್ಕೊಗೆ ಬಂದರು. ಊರಿಗೆ ಹೋಗುವುದೇ, ಇಲ್ಲೇ ಉಳಿಯುವುದೇ ಎಂದು ದೊರೆ ಸಭೆ ಕರೆದ. ತಮ್ಮಂದಿರು, ದೊಡ್ಡ ಕುಳಗಳಲ್ಲಿ ಹೆಚ್ಚಿನವರು ಹೋಗೋಣವೆಂದರು. ಜ್ವಾಂವಿಲ್‌ನ ಸರದಿ ಬಂದಾಗ ಉಳಿಯಬೇಕೆಂದ. ಹೊರಡುವ ಮುನ್ನ ಬಂಧುವೊಬ್ಬ ಹೇಳಿದ್ದ ಮಾತು ಅವನಿಗೆ ನೆನಪಿತ್ತು: ಜೊತೆಗೆ ಕರೆದೊಯ್ದ ದೇವರ ಸಣ್ಣ ಜನರನ್ನು ಶತ್ರುವಿನ ಸೆರೆಯಲ್ಲಿ ಬಿಟ್ಟು ಬರುವ ನೈಟ್ ಮಾನವಾಗಿ ಊರಿಗೆ ಮರಳಲಾರ. ಶ್ರೀಮಂತರು ಹಣ ಕೊಟ್ಟು ಬಿಡಿಸಿಕೊಂಡಿದ್ದರು. ಕಾಲಾಳುಗಳು, ಸೇವಕರು, ಬಡವರು ಇನ್ನೂ ಈಜಿಪ್ಟಿನಲ್ಲಿದ್ದರು. ದೊರೆ ಹೊರಟುಹೋದರೆ ಅವರನ್ನು ಕೇಳುವವರು ಯಾರು?

ಸಭೆಯಲ್ಲಿ ಅವನ ಮೇಲೆ ಎಲ್ಲರೂ ಮುಗಿಬಿದ್ದರು. ಊಟಕ್ಕೆ ದೊರೆಯ ಪಕ್ಕದಲ್ಲೇ ಕೂತರೂ ದೊರೆ ಮಾತಾಡಲಿಲ್ಲ. ಬೇಸರಗೊಂಡ ಜ್ವಾಂವಿಲ್ ಕಿಟಕಿಯ ಕಂಬಿಗಳೊಳಗೆ ತೋಳು ತೂರಿಸಿ ನಿಂತ; ದೊರೆ ಹೋದರೆ ತಾನೊಬ್ಬನೇ ಉಳಿದು ಎಲ್ಲಿ ಆಶ್ರಯ ಹುಡುಕಲಿ ಎಂದು ಯೋಚಿಸುತ್ತಿದ್ದ. ಹಿಂದಿನಿಂದ ಯಾರೋ ಬಂದು ಎರಡೂ ಕೈ ಅವನ ತಲೆಯ ಮೇಲಿಟ್ಟರು. ತನ್ನನ್ನು ಆಗಲೇ ಕಾಡಿದ್ದ ಗೆಳೆಯನಿರಬೇಕೆಂದು ಬಿಡಿಸಿಕೊಳ್ಳಹೋದರೆ, ಆ ಬೆರಳಿನ ಪಚ್ಚೆಯುಂಗುರ ಕಣ್ಣಿಗೆ ಬಿತ್ತು. ದೊರೆ. ಹಿರಿಯರೆಲ್ಲ ಹೋಗೆನ್ನುವಾಗ ಉಳಿಯೆನ್ನುವ ಧೈರ್ಯ ನಿನಗೆ ಹೇಗೆ ಬಂತೆಂದು ಕೇಳಿ, ತಾನು ಉಳಿಯುತ್ತೇನೆ, ಯಾರಿಗೂ ಹೇಳಬೇಡ ಎಂದ.

ನಾಲ್ಕು ವರ್ಷ ಉಳಿದರು. ಸೆಸಾರಿಯಾ, ಜಾಫಾ, ಸೈದಾ ಕೋಟೆಗಳ ಗೋಡೆ ಕಟ್ಟಿಸುವುದೇ ಮುಖ್ಯ ಕೆಲಸ. ಜ್ವಾಂವಿಲ್ ದೊರೆಯ ಸಂಬಳಕ್ಕೆ ಸೇರಿದ್ದ. ವಾಯಿದೆ ಮುಗಿದು ಮತ್ತೆ ಎಷ್ಟು ಬೇಕು ಎಂದಾಗ ವಿಚಿತ್ರ ಕರಾರು ಹಾಕಿದ: ನಾನೇನಾದರೂ ಕೇಳಿದರೆ ನೀವು ಸಿಟ್ಟಾಗಬಾರದು, ನೀವು ಇಲ್ಲವೆಂದರೆ ನಾನೂ ಸಿಟ್ಟಾಗುವುದಿಲ್ಲ. ದೊರೆ ಗಟ್ಟಿಯಾಗಿ ನಕ್ಕು ಒಪ್ಪಿದ.

ನಗುವ ಪ್ರಸಂಗಗಳು ಇನ್ನೂ ಇದ್ದವು. ತೊರ್ತೋಸಾ ಯಾತ್ರೆಗೆ ಹೋದ ಜ್ವಾಂವಿಲ್ ಅಲ್ಲಿಂದ ತಂದ ಉಣ್ಣೆಬಟ್ಟೆಯ ನಾಲ್ಕು ತುಂಡುಗಳನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ರಾಣಿ ಮಾರ್ಗರಿತ್‌ಳಿಗೆ ಕಳಿಸಿದ. ಸಂತರ ಪವಿತ್ರ ಅವಶೇಷಗಳೆಂದು ತಿಳಿದ ರಾಣಿ ಗಂಟಿನ ಮುಂದೆ ಮಂಡಿಯೂರಿದಳು. ತಂದವನೂ ಗಾಬರಿಯಿಂದ ಮಂಡಿಯೂರಿದ. ಬಿಚ್ಚಿದ ಮೇಲೆ, ಬಟ್ಟೆಗೆ ನನ್ನನ್ನು ನಮಸ್ಕರಿಸುವಂತೆ ಮಾಡಿದ ನಿನ್ನ ಯಜಮಾನ ಹಾಳಾಗಲಿ ಎಂದು ರಾಣಿ ನಕ್ಕು ಶಪಿಸಿದಳು. ಇದೇ ರಾಣಿ ದಮಿಯೆತ್ತಾದಲ್ಲಿ, ಗಂಡ ಸೆರೆಸಿಕ್ಕ ಸುದ್ದಿಯ ನಡುವೆ ಹೆತ್ತು, ಪಟ್ಟಣ ಬಿಟ್ಟು ಹೊರಟಿದ್ದ ಇಟಲಿಯ ವರ್ತಕರನ್ನು ಹಾಸಿಗೆಯಿಂದಲೇ ತಡೆದು ನಿಲ್ಲಿಸಿದ್ದಳು.

1254ರಲ್ಲಿ ಊರಿನತ್ತ ಹೊರಟಾಗ ಸೈಪ್ರಸ್ ಬಳಿ ಹಡಗು ಮರಳದಿಬ್ಬಕ್ಕೆ ಬಡಿಯಿತು. ಬೇರೆ ಹಡಗಿಗೆ ಹೋಗಿ ಎಂದರು ದೊರೆಗೆ. ನಾನಿಳಿದರೆ ಇದರಲ್ಲಿರುವ ನೂರಾರು ಜನ ಹೆದರಿ ಇಳಿಯುತ್ತಾರೆ, ಅವರಲ್ಲಿ ಎಷ್ಟೋ ಜನಕ್ಕೆ ಊರು ಮುಟ್ಟುವ ದಾರಿಯೇ ಇರುವುದಿಲ್ಲ ಎಂದು ಲೂಯಿ ಅದೇ ಹಡಗಿನಲ್ಲಿ ಉಳಿದ. ಸಣ್ಣ ಜನರ ವಿಷಯದಲ್ಲಿ ಇಬ್ಬರೂ ಆಗ ಒಂದೇ ಪಾಠ ಓದಿದವರು.

ಕಾಲು ತೊಳೆಯಲೊಲ್ಲದವನು

ಹಾಗೆಂದು ಜ್ವಾಂವಿಲ್‌ನನ್ನು ದೀನಬಂಧು ಮಾಡುವ ಹಾಗಿಲ್ಲ. ಪವಿತ್ರ ಗುರುವಾರ ಬಡವರ ಕಾಲು ತೊಳೆಯುತ್ತೀಯಾ ಎಂದು ದೊರೆ ಕೇಳಿದಾಗ, ಆ ಹೀನರ ಕಾಲನ್ನು ತಾನು ಮುಟ್ಟುವುದಿಲ್ಲ ಎಂದವನು ಇವನು. ಸೊರ್ಬೊನ್ ವಿದ್ಯಾಪೀಠದ ಸ್ಥಾಪಕ, ರೈತರ ಮಗ ರೊಬೇರ್ ದ ಸೊರ್ಬೋಂ ಇವನ ಉಡುಪು ದೊರೆಯದಕ್ಕಿಂತ ಆಡಂಬರ ಎಂದು ಚುಚ್ಚಿದಾಗ, ನನ್ನದು ಅಪ್ಪ ಅಮ್ಮನಿಂದ ಬಂದದ್ದು, ನಿಮ್ಮ ಅಪ್ಪ ಅಮ್ಮ ಇಂಥದ್ದು ಉಟ್ಟಿದ್ದರೇ ಎಂದು ಹುಟ್ಟನ್ನೇ ಎತ್ತಿ ಆಡಿದ. ಕುಷ್ಠರೋಗ ಬರುವುದು ಮೇಲೋ, ಘೋರ ಪಾಪ ಮಾಡುವುದು ಮೇಲೋ ಎಂಬ ಪ್ರಶ್ನೆಗೆ, ಕುಷ್ಠಕ್ಕಿಂತ ಮೂವತ್ತು ಪಾಪ ಮಾಡುವುದೇ ವಾಸಿ ಎಂದ. ವಾದಕ್ಕೆ ಬಂದ ಯಹೂದಿಯೊಬ್ಬನನ್ನು ನೈಟ್ ಒಬ್ಬ ಹೊಡೆದುರುಳಿಸಿದ ಕಥೆಯನ್ನು ದೊರೆ ಮೆಚ್ಚಿ ಹೇಳಿದ್ದನ್ನು ಯಾವ ಅಳುಕೂ ಇಲ್ಲದೆ ದಾಖಲಿಸುತ್ತಾನೆ. ಆ ದೊರೆಯ ಕಾಲದಲ್ಲೇ, 1242ರಲ್ಲಿ, ಪ್ಯಾರಿಸ್ಸಿನಲ್ಲಿ ಯಹೂದಿಗಳ ತಾಲ್ಮುದ್ ಗ್ರಂಥಗಳನ್ನು ಗಾಡಿಗಟ್ಟಲೆ ಸುಟ್ಟದ್ದು.

ಹಾಗಾದರೆ ಸಣ್ಣ ಜನರ ಮೇಲಿನ ಆ ಕಾಳಜಿ ಎಲ್ಲಿಂದ ಬಂತು? ಅದು ದಯೆಯಲ್ಲ. ಅದಕ್ಕೆ ಸರಿಯಾದ ಪದ ಕನ್ನಡದಲ್ಲಿದೆ: ಋಣ. ಮೇಲುಕೀಳು ಇರುವುದೇ ಸರಿಯೆಂದು ನಂಬಿದ್ದ ಮನುಷ್ಯ ಅವನು. ಆದರೆ ಮೇಲಿನವನು ಕೆಳಗಿನವನಿಂದ ಉಂಡದ್ದಕ್ಕೆ ಲೆಕ್ಕ ಒಪ್ಪಿಸಬೇಕೆಂಬುದನ್ನೂ ಅಷ್ಟೇ ಗಟ್ಟಿಯಾಗಿ ನಂಬಿದ್ದ. ಜೊತೆಗೆ ಕರೆದೊಯ್ದ ಮೇಲೆ ಬಿಟ್ಟು ಬರಬಾರದು.

ಎರಡನೇ ಕರೆ

1267ರ ಮಾರ್ಚಿನಲ್ಲಿ ದೊರೆ ಮತ್ತೆ ಶ್ರೀಮಂತರನ್ನು ಪ್ಯಾರಿಸ್ಸಿಗೆ ಕರೆಸಿದ. ಜ್ವರದಲ್ಲಿದ್ದ ಜ್ವಾಂವಿಲ್‌ಗೆ ಅಲ್ಲಿ ಒಂದು ಕನಸು: ದೊರೆಗೆ ಪಾದ್ರಿಗಳು ರ‍್ಯಾನ್ಸ್ ಊರಿನ ಕೆಂಪು ಒರಟು ಬಟ್ಟೆಯ ನಿಲುವಂಗಿ ತೊಡಿಸುತ್ತಿದ್ದಾರೆ. ಅವನ ಪಾದ್ರಿ ಅರ್ಥ ಹೇಳಿದ: ಕೆಂಪು ಎಂದರೆ ಶಿಲುಬೆ, ಅಗ್ಗದ ಬಟ್ಟೆ ಎಂದರೆ ಅಗ್ಗದ ಫಲ. ಮರುದಿನ ಲೂಯಿ ಎರಡನೇ ಸಲ ಶಿಲುಬೆ ತೊಟ್ಟ.

ಫ್ರಾನ್ಸಿನ ದೊರೆಯೂ ನವಾರ್ ದೊರೆಯೂ ಜ್ವಾಂವಿಲ್‌ನನ್ನು ಒತ್ತಾಯಿಸಿದರು. ಅವನು ಒಪ್ಪಲಿಲ್ಲ. ಹಿಂದೆ ತಾನು ಕಡಲಾಚೆಗಿದ್ದಾಗ ಈ ಇಬ್ಬರು ದೊರೆಗಳ ಅಧಿಕಾರಿಗಳೇ ತನ್ನ ಹಳ್ಳಿಯ ಜನರನ್ನು ಹಿಂಡಿ ಬಡವರನ್ನಾಗಿಸಿದ್ದರು. ಆ ಪೆಟ್ಟಿನಿಂದ ಅವರೂ ತಾನೂ ಎಂದಿಗೂ ಚೇತರಿಸಿಕೊಳ್ಳಲಾರೆವು ಎಂದ. ದೇವರಿಗೆ ಮೆಚ್ಚುವ ಕೆಲಸ ಮಾಡಬೇಕಾದರೆ ತಾನು ಊರಲ್ಲೇ ಉಳಿದು ಜನರನ್ನು ಕಾಯಬೇಕು; ಅವರಿಗೆ ಕೇಡೆಂದು ಕಣ್ಣಿಗೆ ಕಾಣುವಾಗಲೂ ಹೊರಟರೆ ದೇವರೇ ಮುನಿಯುತ್ತಾನೆ ಎಂದು ವಾದಿಸಿದ.

1250ರಲ್ಲಿ ಹೆಚ್ಚಿನವರು ಹೋಗೋಣ ಎಂದಾಗ ಪರದೇಶದಲ್ಲಿ ಉಳಿಸಿದ ಕಾರಣವೇ 1267ರಲ್ಲಿ ಎಲ್ಲರೂ ಹೋಗೋಣ ಎಂದಾಗ ಅವನನ್ನು ಮನೆಯಲ್ಲಿ ಉಳಿಸಿತು. ಅಂದು ಒಮ್ಮೆಯೂ ತಿರುಗಿ ನೋಡದೆ ಹೊರಟಿದ್ದವನು, ಮರಳಿ ಬಂದಾಗ ಕೋಟೆಗಿಂತ ಹೆಚ್ಚಾಗಿ ಅದರ ಸುತ್ತಲಿನ ಹಳ್ಳಿಗಳನ್ನು ನೋಡಿದ್ದ.

ದೊರೆಗೆ ಹೋಗಲು ಹೇಳಿದವರು ಘೋರ ಪಾಪ ಮಾಡಿದರು ಎಂದು ಅವನು ನೇರವಾಗಿಯೇ ಬರೆಸಿದ್ದಾನೆ. ಲೂಯಿಗೆ ಆಗ ಕವಚ ತೊಡುವ, ಕುದುರೆ ಏರುವ ತ್ರಾಣವೂ ಇರಲಿಲ್ಲ. ವಿದಾಯದ ದಿನ ಜ್ವಾಂವಿಲ್ ಅವನನ್ನು ತೋಳಲ್ಲಿ ಎತ್ತಿಕೊಂಡು ಒಂದು ಮನೆಯಿಂದ ಫ್ರಾನ್ಸಿಸ್ಕನ್ ಮಠದವರೆಗೆ ಹೊತ್ತು ನಡೆದ. ಅಷ್ಟು ಹಗುರವಾಗಿದ್ದ ದೊರೆ. 1270ರ ಆಗಸ್ಟ್ 25ರಂದು ಟ್ಯೂನಿಸ್ ಎದುರಿನ ಶಿಬಿರದಲ್ಲಿ ಕಾಯಿಲೆಯಿಂದ ಸತ್ತ.

ಕನಸಿನ ಅತಿಥಿ

ಜ್ವಾಂವಿಲ್ ಆಮೇಲೆ ನಲವತ್ತೇಳು ವರ್ಷ ಬದುಕಿದ. ಲೂಯಿಯನ್ನು ಸಂತನೆಂದು ಘೋಷಿಸುವ ವಿಚಾರಣೆಯಲ್ಲಿ 1282ರಲ್ಲಿ ಎರಡು ದಿನ ಸಾಕ್ಷಿ ನುಡಿದ. 1297ರಲ್ಲಿ ಪೋಪ್ ಎಂಟನೇ ಬೊನಿಫೇಸ್ ಘೋಷಣೆ ಹೊರಡಿಸಿದ. ನವಾರ್ ಮನೆತನದ ರಾಣಿ ಜಾನ್ ಆ ಸಂತನ ಬಗ್ಗೆ ಒಂದು ಪುಸ್ತಕ ಮಾಡಿಸೆಂದು ಕೇಳಿದ್ದಳು. ಅದು ಮುಗಿಯುವ ಮೊದಲೇ, 1305ರಲ್ಲಿ ತೀರಿಕೊಂಡಳು. 1309ರಲ್ಲಿ ಮುಗಿದಾಗ ಅವಳ ಮಗನಿಗೆ, ಮುಂದೆ ಹತ್ತನೇ ಲೂಯಿಯಾಗಲಿದ್ದವನಿಗೆ, ಅರ್ಪಿಸಿದ. ಆಗ ಅವನಿಗೆ ಎಂಬತ್ತು ದಾಟಿತ್ತು. ಲ್ಯಾಟಿನ್ನಿನಲ್ಲಿ ಸಂತರ ಚರಿತ್ರೆ ಬರೆಯುವ ಕಾಲದಲ್ಲಿ ಅವನು ಬಳಸಿದ್ದು ಮನೆಮಾತಿನ ಫ್ರೆಂಚ್. ಅದಕ್ಕೇ ಆ ಸಂತ ಅಲ್ಲಿ ನಗುತ್ತಾನೆ, ರೇಗುತ್ತಾನೆ, ಹಡಗಿನಲ್ಲಿ ಪಗಡೆಯಾಡುತ್ತಿದ್ದ ತಮ್ಮನ ದಾಳಗಳನ್ನು ಕಿತ್ತು ಸಮುದ್ರಕ್ಕೆಸೆಯುತ್ತಾನೆ.

ಬೆಟ್ಟದ ಮೇಲಿನ ಆ ಚಂದದ ಕೋಟೆ ಇಂದಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಾರಾಟವಾಗಿ, ಒಡೆದು ಹೋಯಿತು. 1317ರ ಡಿಸೆಂಬರ್ 24ರಂದು ತೀರಿಕೊಂಡ ಜ್ವಾಂವಿಲ್‌ನನ್ನು ಹೂತದ್ದು ಆ ಕೋಟೆಯ ಸಂತ ಲೊರಾಂ ಚರ್ಚಿನಲ್ಲೇ.

ಪುಸ್ತಕದ ಕೊನೆಯ ಹತ್ತಿರ ಇನ್ನೊಂದು ಕನಸು ಬರುತ್ತದೆ. ಸತ್ತ ದೊರೆ ಜ್ವಾಂವಿಲ್ ಊರಿನ ಪ್ರಾರ್ಥನಾಮಂದಿರದ ಮುಂದೆ ನಿಂತಿದ್ದಾನೆ, ಮುಖದಲ್ಲಿ ಸಂತೋಷ. ಇಲ್ಲಿಂದ ಹೊರಟ ಮೇಲೆ ಪಕ್ಕದ ಶೆವಿಯೋಂ ಹಳ್ಳಿಯ ನನ್ನ ಮನೆಯಲ್ಲಿ ನಿಮಗೆ ಬಿಡಾರ ಮಾಡಿಸುತ್ತೇನೆ ಎನ್ನುತ್ತಾನೆ ಜ್ವಾಂವಿಲ್. ದೊರೆ ನಗುತ್ತ, ಇಲ್ಲಿಂದ ಇಷ್ಟು ಬೇಗ ಹೊರಡುವ ಮನಸ್ಸಿಲ್ಲ ಎನ್ನುತ್ತಾನೆ. ಎಚ್ಚರವಾದ ಮೇಲೆ ಜ್ವಾಂವಿಲ್ ಆ ಮಂದಿರದಲ್ಲಿ ದೊರೆಯ ಹೆಸರಲ್ಲೊಂದು ಪೂಜಾಪೀಠ ಕಟ್ಟಿಸಿದ.

ಜೊತೆಗೆ ಬರಲಾರೆ ಎಂದದ್ದಕ್ಕೆ ಗೆಳೆಯ ಮುನಿದಿಲ್ಲವೆಂದು ಮುದುಕನಿಗೆ ಖಾತ್ರಿಯಾದದ್ದು ಬಹುಶಃ ಆ ಬೆಳಿಗ್ಗೆ. ತಾನು ಬಿಟ್ಟು ಬರಲೊಲ್ಲದ ಊರಿಗೆ ಅವನೇ ಬಂದಿದ್ದ, ಹೊರಡುವ ಅವಸರವೂ ಅವನಿಗಿರಲಿಲ್ಲ.